ಮರಳಿನ ತಂಡವೇ ಬೇರೆ, ಕೋರ್ಟಿನ ತಂಡವೇ ಬೇರೆ

ಗುಂಪು: ಅಜ್ಜಿ ಮನೆ

ಸುಬ್ಬಣ್ಣ ಮಾವ, ಬೆಳಗ್ಗೆ 6:42
[ಹಲವು ಬಾರಿ ಫಾರ್ವರ್ಡ್ ಆಗಿದೆ]
ನಾಚಿಕೆಗೇಡು!! ನಾರ್ವೆ ದೇಶದ ಮಹಿಳಾ ಹ್ಯಾಂಡ್‌ಬಾಲ್ ತಂಡ ಬಿಕಿನಿ ಹಾಕಲು ಒಪ್ಪದೆ ಚಡ್ಡಿ ಹಾಕಿದ್ದಕ್ಕೆ ಒಲಿಂಪಿಕ್ಸ್‌ನಿಂದಲೇ ಔಟ್!! 15 ಲಕ್ಷ ದಂಡ! ಅಂದಿನಿಂದ ಆ ತಂಡವೇ ಮುಚ್ಚಿಹೋಯಿತು. ಹೆಣ್ಣುಮಕ್ಕಳಿರುವ ಹತ್ತು ಮನೆಗೆ ತಪ್ಪದೆ ಕಳಿಸಿ 🙏🙏

ಸುಬ್ಬಣ್ಣ ಮಾವ, 6:43
ಪ್ರಸಾದ ಇದನ್ನ ಓದಲಿ. ಪುಟ್ಟಿನ ಸ್ಪೋರ್ಟ್ಸ್ ಹಾಸ್ಟೆಲ್‌ಗೆ ಸೇರಿಸೋದು ಬೇಡ ಅಂತ ನಾನು ಸುಮ್ನೆ ಹೇಳಿದ್ದಲ್ಲ.

ಶಶಿ ಅತ್ತೆ, 6:50
ಅಯ್ಯೋ ದೇವರೇ 😢

ದೊಡ್ಡಮ್ಮ, 7:05
ಮೂವತ್ತು ವರ್ಷ ಪಿ.ಟಿ. ಟೀಚರ್ ಆಗಿದ್ದವಳು ಹೇಳ್ತೀನಿ ಕೇಳಿ. ಆಟಕ್ಕೆ ಶಿಸ್ತು ಮುಖ್ಯ, ಬಟ್ಟೆಗೆ ಮರ್ಯಾದೆ ಮುಖ್ಯ. ಎರಡೂ ಇಲ್ಲದ ಕಡೆ ಮಕ್ಕಳನ್ನ ಕಳಿಸಬಾರದು.

ಕಾವ್ಯ, 7:31
ಮಾವ, ಇದು ಎಲ್ಲಿಂದ ಬಂತು? ಯಾವ ವರ್ಷದ ಒಲಿಂಪಿಕ್ಸ್? ದಂಡ ಹಾಕಿದ್ದು ಯಾರು?

ಸುಬ್ಬಣ್ಣ ಮಾವ, 7:33
ಬ್ಯಾಂಕಿನಲ್ಲಿ ನನ್ನ ಜೊತೆ ಇದ್ದವರು ಕಳಿಸಿದ್ದು. ಸುಳ್ಳು ಹೇಳೋ ಮನುಷ್ಯ ಅಲ್ಲ.

ಕಾವ್ಯ, 7:46
ಅವರು ಒಳ್ಳೆಯವರೇ ಇರಬಹುದು ಮಾವ, ಆದರೆ ಸುದ್ದಿ ತಪ್ಪು. ಹ್ಯಾಂಡ್‌ಬಾಲ್ ಅಂದ್ರೆ ಕೈಯಿಂದ ಚೆಂಡು ಎಸೆದು ಗೋಲು ಹಾಕೋ ಆಟ. ಅದರಲ್ಲಿ ಎರಡು ಬಗೆ: ಮರಳಲ್ಲಿ ಆಡೋ ಬೀಚ್ ಹ್ಯಾಂಡ್‌ಬಾಲ್, ಗಟ್ಟಿ ನೆಲದ ಕೋರ್ಟಿನಲ್ಲಿ ಆಡೋ ಹ್ಯಾಂಡ್‌ಬಾಲ್. ಆ ಎರಡು ಬೇರೆ ಬೇರೆ ತಂಡಗಳನ್ನ ಒಂದು ಮಾಡಿದ್ದಾರೆ.
ದಂಡ ಬಿದ್ದಿದ್ದು ನಾರ್ವೆಯ ಬೀಚ್ ಹ್ಯಾಂಡ್‌ಬಾಲ್ ತಂಡಕ್ಕೆ. 2021ರ ಜುಲೈ, ಬಲ್ಗೇರಿಯಾದ ವರ್ನಾ, ಯುರೋಪಿಯನ್ ಚಾಂಪಿಯನ್‌ಶಿಪ್. ಸ್ಪೇನ್ ಎದುರು ಕಂಚಿನ ಪಂದ್ಯಕ್ಕೆ ಹುಡುಗಿಯರು ಚಡ್ಡಿ ಹಾಕ್ಕೊಂಡು ಇಳಿದರು. ಆಗಿನ ನಿಯಮದಲ್ಲಿ ಹೆಂಗಸರಿಗೆ ಬಿಕಿನಿಯೇ ಕಡ್ಡಾಯ, ಅದರ ಪಕ್ಕದ ಅಗಲ 10 ಸೆಂ.ಮೀ. ದಾಟಬಾರದು. ಗಂಡಸರಿಗೆ ಮಾತ್ರ ಚಡ್ಡಿ. ಯುರೋಪಿಯನ್ ಹ್ಯಾಂಡ್‌ಬಾಲ್ ಒಕ್ಕೂಟ ಒಬ್ಬೊಬ್ಬರಿಗೆ 150 ಯೂರೋ ಲೆಕ್ಕದಲ್ಲಿ 1500 ಯೂರೋ ದಂಡ ಹಾಕಿತು. ಆಗಿನ ದರದಲ್ಲಿ ಸುಮಾರು 1.3 ಲಕ್ಷ ರೂಪಾಯಿ. 15 ಲಕ್ಷ ಅಲ್ಲ.
ಬೀಚ್ ಹ್ಯಾಂಡ್‌ಬಾಲ್ ಒಲಿಂಪಿಕ್ಸ್‌ನಲ್ಲಿ ಇಲ್ಲವೇ ಇಲ್ಲ. ಇಲ್ಲದ ಆಟದಿಂದ ಹೊರಗೆ ಹಾಕೋದು ಹೇಗೆ?

ಕಾವ್ಯ, 7:49
ನಾರ್ವೆಯ ಕೋರ್ಟಿನ ತಂಡ ಆ ತಿಂಗಳೇ ಟೋಕಿಯೋ ಒಲಿಂಪಿಕ್ಸ್‌ಗೆ ಹೋಯ್ತು. ಸೆಮಿಫೈನಲ್‌ನಲ್ಲಿ ರಷ್ಯನ್ನರ ಎದುರು 26-27, ಒಂದೇ ಗೋಲಿನ ಸೋಲು. ಆಮೇಲೆ ಸ್ವೀಡನ್ ಮೇಲೆ 36-19 ಗೆದ್ದು ಕಂಚು ತಂತು. ಅದೇ ಡಿಸೆಂಬರ್‌ನಲ್ಲಿ ಫ್ರಾನ್ಸ್ ಸೋಲಿಸಿ ವಿಶ್ವ ಚಾಂಪಿಯನ್. ಇದನ್ನ ಮುಚ್ಚಿಹೋದ ತಂಡ ಅಂತೀರಾ?

ಸುಬ್ಬಣ್ಣ ಮಾವ, 7:52
ದಂಡ ಹಾಕಿದ್ದು ನಿಜ ತಾನೇ. ಅಷ್ಟೇ ನಾನು ಹೇಳಿದ್ದು.

ಕಾವ್ಯ, 7:53
ನೀವು ಹೇಳಿದ್ದು ಮೂರು ಮಾತು ಮಾವ. ಒಲಿಂಪಿಕ್ಸ್‌ನಿಂದ ಔಟ್, 15 ಲಕ್ಷ, ತಂಡ ಬಂದ್. ಮೂರೂ ತಪ್ಪು.

ಸುಬ್ಬಣ್ಣ ಮಾವ, 7:54
ಬಾಳೆದಿಂಡಿನ ರಸದ ವಿಷಯದಲ್ಲೂ ಹೀಗೇ ಎಲ್ಲರೆದುರು ನನ್ನ ಮುಖ ಕೆಡಿಸಿದ್ದೆ.

ಪ್ರಸಾದ, 7:58
ಅಪ್ಪ, ಆ ಮಾತು ಈಗ ಯಾಕೆ.

ದೊಡ್ಡಮ್ಮ, 8:10
ಕಾವ್ಯ, ಮಾವನ ಹತ್ರ ಮಾತಾಡೋ ರೀತಿ ಇದಲ್ಲ ಕಣೆ. ಇನ್ನೊಂದು ಮಾತು. ನಿಯಮ ಸರಿಯಿಲ್ಲ ಅಂದ್ರೆ ಮೊದಲು ಬರೆದು ಕೊಡಬೇಕು. ಮುರಿದು ಆಮೇಲೆ ನ್ಯಾಯ ಕೇಳಬಾರದು.

ಕಾವ್ಯ, 8:24
ದೊಡ್ಡಮ್ಮ, ಅವರು ಮೊದಲೇ ಕೇಳಿದ್ದರು. ಚಡ್ಡಿಗೆ ಅನುಮತಿ ಕೇಳಿದರೆ ಸಿಕ್ಕಿದ ಉತ್ತರ ‘ಹಾಕಿದರೆ ದಂಡ’ ಅಂತ. ಅದಕ್ಕೇ ಉಳಿದ ಪಂದ್ಯಗಳನ್ನೆಲ್ಲ ನಿಯಮದ ಬಟ್ಟೆಯಲ್ಲೇ ಆಡಿ, ಕೊನೇದಕ್ಕೆ ಮಾತ್ರ ಚಡ್ಡಿ ಹಾಕಿದರು. ದಂಡ ನಾವೇ ಕಟ್ತೀವಿ ಅಂತ ಅವರ ಒಕ್ಕೂಟ ಬೆನ್ನಿಗೆ ನಿಂತಿತು. ಆ ವರ್ಷ ಮುಗಿಯೋದರೊಳಗೆ ಅಂತರರಾಷ್ಟ್ರೀಯ ಒಕ್ಕೂಟ ನಿಯಮವನ್ನೇ ಬದಲಿಸಿತು. 2022ರಿಂದ ಮೈಗೆ ಹೊಂದುವ ಗಿಡ್ಡ ಚಡ್ಡಿ. ನೀವು ಹೇಳೋ ಮರ್ಯಾದೆಗೋಸ್ಕರವೇ ಅವರು ಜಗಳ ಆಡಿದ್ದು.

ದೊಡ್ಡಮ್ಮ, 8:31
ಹಾಗಾದ್ರೆ ಸರಿ. ಕೇಳಿ ಮಾಡಿದ್ದು ಬೇರೆ, ಕೇಳದೆ ಮಾಡಿದ್ದು ಬೇರೆ. ಏನೇ ಹೇಳು, ನಮ್ಮ ಶಾಲೆಯ ಹುಡುಗಿಯರು ಲಂಗ ಸಿಕ್ಕಿಸ್ಕೊಂಡೇ ಈ ಆಟ ಎಷ್ಟು ಚೆನ್ನಾಗಿ ಆಡ್ತಿದ್ರು.

ಕಾವ್ಯ, 8:33
ಅದು ಥ್ರೋಬಾಲ್ ದೊಡ್ಡಮ್ಮ 🙂 ಅದರಲ್ಲಿ ಮಧ್ಯೆ ನೆಟ್ ಇರುತ್ತೆ, ಎದುರಾಳಿ ಮೈಗೆ ಮೈ ತಾಗೋದೇ ಇಲ್ಲ. ಇದರಲ್ಲಿ ನೆಟ್ ಇಲ್ಲ, 40x20 ಮೀಟರ್ ಕೋರ್ಟ್, ಎರಡು ತುದಿಗೆ 3x2 ಮೀಟರಿನ ಗೋಲು, ಒಂದೊಂದು ತಂಡಕ್ಕೆ ಏಳು ಜನ. ಚೆಂಡು ಹಿಡಿದು ಮೂರೇ ಹೆಜ್ಜೆ, ಮೂರೇ ಸೆಕೆಂಡ್. ಆ ಮೂರು ಸೆಕೆಂಡ್ ಒಂದೇ ಎರಡೂ ಆಟಕ್ಕೆ ಸಮ.

ಗಿರೀಶ (ಕೋಪನ್‌ಹೇಗನ್), 9:15
ಈಗ ನೋಡಿದೆ. ಕಾವ್ಯ ಹೇಳಿದ್ದು ಸರಿ. ಆದರೆ ಹ್ಯಾಂಡ್‌ಬಾಲ್ ಅಂದ್ರೆ ನಾರ್ವೆ ಒಂದೇ ಅನ್ನೋ ಥರ ಬರೀಬೇಡ. 1996, 2000, 2004, ಮೂರು ಒಲಿಂಪಿಕ್ ಚಿನ್ನ ಸಾಲಾಗಿ ಡೆನ್ಮಾರ್ಕಿನ ಹೆಂಗಸರದು. 1997ರ ವಿಶ್ವಕಪ್ ಫೈನಲ್‌ನಲ್ಲಿ ಇದೇ ನಾರ್ವೆಯನ್ನ 33-20ಕ್ಕೆ ಮಲಗಿಸಿದ್ದರು. ಅಂಥ ಆಟ ಆಮೇಲೆ ಬರಲೇ ಇಲ್ಲ. 2004ರಲ್ಲಿ ಅಥೆನ್ಸ್ ಫೈನಲ್, ಕೊರಿಯಾ ಎದುರು ಹೆಚ್ಚುವರಿ ಸಮಯ ಮುಗಿದರೂ 34-34. ಕೊನೆಗೆ 7 ಮೀಟರ್ ಎಸೆತದಲ್ಲಿ (ಫುಟ್‌ಬಾಲ್ ಪೆನಾಲ್ಟಿ ಥರ) ತೀರ್ಮಾನ, 38-36. ಎಂಥ ದಿನಗಳು!

ಕಾವ್ಯ, 9:22
ಅಥೆನ್ಸ್‌ಗೆ ನಾರ್ವೆ ಅರ್ಹತೆಯನ್ನೇ ಪಡೆದಿರಲಿಲ್ಲ ಗಿರೀಶಣ್ಣ. ಅದೇ ಡಿಸೆಂಬರ್‌ನಲ್ಲಿ ಯುರೋಪಿಯನ್ ಫೈನಲ್‌ನಲ್ಲಿ ನಿಮ್ಮ ಡೆನ್ಮಾರ್ಕನ್ನ ಸೋಲಿಸಿದ್ದು ಯಾರು?

ಗಿರೀಶ, 9:24
ನಾರ್ವೆ 😑

ಕಾವ್ಯ, 9:24
2022ರಲ್ಲಿ? 2024ರಲ್ಲಿ?

ಗಿರೀಶ, 9:26
ನಾರ್ವೆ, ನಾರ್ವೆ. ಒಪ್ಕೊಂಡೆ. ಆದರೆ 2008ರ ಬೀಜಿಂಗ್ ಸೆಮಿಫೈನಲ್ ಬಗ್ಗೆ ನನಗೆ ಈಗಲೂ ಸಮಾಧಾನ ಇಲ್ಲ. ಕೊರಿಯಾ 28-28 ಮಾಡಿದ್ದೇ ತಡ, ನಾರ್ವೆಯ ಗ್ರೋ ಹ್ಯಾಮರ್‌ಸೆಂಗ್ ಕೊನೆ ಗಳಿಗೆಯಲ್ಲಿ ಎಸೆದ ಚೆಂಡು. ಸಮಯ ಮುಗಿದ ಮೇಲೆ ಗೆರೆ ದಾಟಿತು ಅಂತ ಕೊರಿಯಾ ದೂರು ಕೊಟ್ಟಿತ್ತು.

ಕಾವ್ಯ, 9:33
ದೂರು ತಳ್ಳಿಹಾಕಿದರಲ್ಲ. ನಿಯಮ ಮಾತ್ರ ನೀವು ಹೇಳಿದ್ದೇ: ಚೆಂಡು ಕೈ ಬಿಟ್ಟಿದ್ದರೆ ಸಾಲದು, ಸಮಯ ಮುಗಿಯೋ ಮೊದಲು ಪೂರ್ತಿ ಚೆಂಡು ಗೋಲ್ ಗೆರೆ ದಾಟಿರಬೇಕು. 29-28. ಆಮೇಲೆ ಫೈನಲ್‌ನಲ್ಲಿ ರಷ್ಯಾ ಮೇಲೆ 34-27, ಅದೇ ನಾರ್ವೆಯ ಮೊದಲ ಒಲಿಂಪಿಕ್ ಚಿನ್ನ.

ಸುಬ್ಬಣ್ಣ ಮಾವ, 9:40
ಎಲ್ಲರೂ ಬೆಳಗಿಂದ ನನಗೇ ಪಾಠ. ಗಿರೀಶ ಗೃಹಪ್ರವೇಶಕ್ಕೆ ಬರೋಕೆ ಟೈಮ್ ಇರಲಿಲ್ಲ, ಇದಕ್ಕೆ ಇದೆ.

ಗಿರೀಶ, 9:41
ಮಾವ, ರಜೆ ಸಿಗಲಿಲ್ಲ ಅಂತ ಆಗಲೇ ಹೇಳಿದ್ದೆ.

ಶಶಿ ಅತ್ತೆ, 9:44
ಅದು ಬಿಡಿ. ಕಾವ್ಯ, ಫೋಟೋದಲ್ಲಿ ಯಾವ ತಂಡ ಅಂತ ನಮ್ಮಂಥವರಿಗೆ ಗೊತ್ತಾಗೋದು ಹೇಗೆ?

ಕಾವ್ಯ, 9:58
ಸುಲಭ ಅತ್ತೆ. ಮೊದಲು ಪಾದ ನೋಡಿ. ಮರಳಲ್ಲಿ ಬೂಟು ಇರಲ್ಲ. ತಲೆ ಎಣಿಸಿ: ಬೀಚಿನಲ್ಲಿ ಒಂದು ಕಡೆಗೆ ನಾಲ್ಕೇ ಜನ, ಗೋಲ್‌ಕೀಪರ್ ಸೇರಿ. ಕೋರ್ಟಿನಲ್ಲಿ ಏಳು. ಸ್ಕೋರ್ ನೋಡಿ: ಬೀಚಿನಲ್ಲಿ 10 ನಿಮಿಷದ ಎರಡು ಅರ್ಧ, ಒಂದೊಂದು ಅರ್ಧಕ್ಕೂ ಬೇರೆ ಗೆಲುವು. ಗಾಳಿಯಲ್ಲಿ ಒಂದು ಸುತ್ತು ತಿರುಗಿ ಹಾಕಿದ ಗೋಲಿಗೆ ಎರಡು ಅಂಕ. ಕೋರ್ಟಿನಲ್ಲಿ 30 ನಿಮಿಷದ ಎರಡು ಅರ್ಧ, ಯಾರು ಹೇಗೆ ಹಾಕಿದರೂ ಒಂದೇ ಅಂಕ.

ಪ್ರಸಾದ, 10:05
ಇಷ್ಟು ವರ್ಷ ಒಂದೇ ದೇಶ ಗೆಲ್ತಾ ಬರೋದು ಹೇಗೆ? ಪುಟ್ಟಿ ಕೇಳ್ತಿದ್ದಾಳೆ.

ಕಾವ್ಯ, 10:27
ಪುಟ್ಟಿಗೆ ಪೂರ್ತಿ ಓದಿ ಹೇಳಿ ಪ್ರಸಾದಣ್ಣ.
ಹೆಂಗಸರ ಹ್ಯಾಂಡ್‌ಬಾಲ್ ಒಲಿಂಪಿಕ್ಸ್‌ಗೆ ಬಂದಿದ್ದು 1976ರಲ್ಲಿ. ಆಗ ಸೋವಿಯತ್ ಒಕ್ಕೂಟ, ಪೂರ್ವ ಜರ್ಮನಿ, ಹಂಗೇರಿ, ಇವರದೇ ರಾಜ್ಯ. ನಾರ್ವೆ 1988 ಮತ್ತು 1992ರಲ್ಲಿ ಬೆಳ್ಳಿ ತಂತು, ಎರಡು ಸಲವೂ ಚಿನ್ನ ಕೊರಿಯಾಗೆ. 1994ರಲ್ಲಿ ಮಾರಿತ್ ಬ್ರೈವಿಕ್ ಕೋಚ್ ಆದರು, 2009ರವರೆಗೂ ಅವರೇ. ಆಮೇಲೆ ಐಸ್‌ಲ್ಯಾಂಡಿನ ತೋರಿರ್ ಹೆರ್ಗೈರ್ಸನ್, 2024ರವರೆಗೆ. ಅವರು ಅದಕ್ಕೂ ಮೊದಲು ಬ್ರೈವಿಕ್‌ಗೇ ಸಹಾಯಕರಾಗಿದ್ದವರು. ಮೂವತ್ತು ವರ್ಷಕ್ಕೆ ಇಬ್ಬರೇ ಕೋಚ್. ಒಂದು ಟೂರ್ನಿ ಸೋತ ಕೂಡಲೇ ಕೋಚ್ ಬದಲಿಸೋ ದೇಶಗಳು ಪ್ರತಿ ಸಲ ಮೊದಲ ಪಾಠದಿಂದ ಶುರು ಮಾಡಬೇಕಾಗುತ್ತೆ.
ಇನ್ನು ಆಟ. ತಮ್ಮ ಗೋಲಿನ ಸುತ್ತಲಿನ 6 ಮೀಟರ್ ಗೆರೆಯ ಮುಂದೆ, ಗೋಲ್‌ಕೀಪರ್ ಬಿಟ್ಟು ಆರೂ ಜನ ಗೋಡೆ ಥರ ನಿಲ್ತಾರೆ. ಮಧ್ಯದ ಇಬ್ಬರು ಕೈ ಎತ್ತಿ ಎಸೆತದ ಒಂದು ಬದಿ ಮುಚ್ಚಬೇಕು, ಇನ್ನೊಂದು ಬದಿ ಗೋಲ್‌ಕೀಪರ್‌ದು. ಹೀಗೆ ಪಾಲು ಮಾಡ್ಕೊಳ್ಳದೆ ಅವರೂ ಗೋಲ್‌ಕೀಪರೂ ಒಂದೇ ಬದಿಗೆ ಹೋದರೆ ಗೋಲು ಖಂಡಿತ. ಗೋಲ್‌ಕೀಪರ್ ಚೆಂಡು ತಡೆದ ಕ್ಷಣವೇ ವಿಂಗಿನವಳು (ಕೋರ್ಟಿನ ಅಂಚಿನಲ್ಲಿ ಆಡೋಳು) ಓಡಿರಬೇಕು, ಚೆಂಡು ಕೈಗೆ ಸಿಕ್ಕ ಮೇಲೆ ಓಡಿದರೆ ತಡ. ಒಂದು ಉದ್ದ ಎಸೆತ, ಎದುರಾಳಿ ತಿರುಗಿ ನಿಲ್ಲೋ ಮೊದಲೇ ಗೋಲು. ಅದು ಆಗದಿದ್ದರೆ ಹಿಂದಿನಿಂದ ಮೂವರು ಓಡ್ತಾನೇ ಪಾಸ್ ಮಾಡ್ಕೊಂಡು ಬರ್ತಾರೆ. ಅರವತ್ತು ನಿಮಿಷ ಹೀಗೆ ಓಡೋಕೆ ಏಳು ಜನ ಸಾಲಲ್ಲ, ಬೆಂಚಿನಲ್ಲಿ ಇರೋರೂ ಅಷ್ಟೇ ಗಟ್ಟಿ ಇರಬೇಕು. ಅಲ್ಲೇ ಬೇರೆ ತಂಡಗಳು 45ನೇ ನಿಮಿಷಕ್ಕೆ ಸುಸ್ತಾಗೋದು.

ಗಿರೀಶ, 10:34
ಗೋಲ್‌ಕೀಪರ್ ಹೆಸರು ಹೇಳು, ಅದನ್ನ ಬಿಟ್ಟೆ. ಕಟ್ರೀನೆ ಲುಂಡೆ. 2008, 2012, 2024, ಮೂರರಲ್ಲೂ ಚಿನ್ನ. ಪ್ಯಾರಿಸ್‌ನಲ್ಲಿ ಆಕೆಗೆ 44 ವರ್ಷ.

ದೊಡ್ಡಮ್ಮ, 10:36
44?? ಮದುವೆ ಆಯ್ತು ಅಂತ 22ಕ್ಕೇ ಆಟ ಬಿಟ್ಟ ಎಷ್ಟು ಹುಡುಗಿಯರನ್ನ ನೋಡಿದ್ದೀನಿ ನಾನು.

ಕಾವ್ಯ, 10:41
ಹೌದು ದೊಡ್ಡಮ್ಮ. ಪ್ಯಾರಿಸ್‌ನ ಮೊದಲ ಪಂದ್ಯದಲ್ಲಿ ಸ್ವೀಡನ್ ಎದುರು ಸೋತ ತಂಡ ಅದು. ಆಮೇಲೆ ಒಂದೂ ಸೋಲಲಿಲ್ಲ, ಫೈನಲ್‌ನಲ್ಲಿ ಫ್ರಾನ್ಸ್‌ನ ನೆಲದಲ್ಲೇ ಫ್ರಾನ್ಸ್ ಮೇಲೆ 29-21.

ಪ್ರಸಾದ, 10:44
ಅಪ್ಪ, ಹಾಸ್ಟೆಲ್ ಟ್ರಯಲ್ಸ್‌ಗೆ ಇನ್ನು ಮೂರು ವಾರ ಇದೆ. ಅವಳನ್ನ ಕರ್ಕೊಂಡು ಹೋಗ್ತೀನಿ.

ಸುಬ್ಬಣ್ಣ ಮಾವ, 10:58
ನೀನು ಯಾವತ್ತು ನನ್ನ ಮಾತು ಕೇಳಿದ್ದೀಯ.

ದೊಡ್ಡಮ್ಮ, 11:02
ಸುಬ್ಬು, ಮಗು ಆಡಲಿ ಬಿಡೋ. ಆ ಬೆಳಗಿನ ಮೆಸೇಜ್ ಡಿಲೀಟ್ ಮಾಡು ಮೊದಲು.

ಸುಬ್ಬಣ್ಣ ಮಾವ ಈ ಸಂದೇಶವನ್ನು ಅಳಿಸಿದ್ದಾರೆ

ಶಶಿ ಅತ್ತೆ, ಸಂಜೆ 5:20
ಕಾವ್ಯ, ನಿಮ್ಮ ಮಾವ ಪೇಟೆಯಲ್ಲಿದ್ದಾರೆ. ಚೆಂಡಿನ ಅಂಗಡಿಯವನು 2ನೇ ನಂಬರ್ ಮಾತ್ರ ಇದೆ ಅಂತಾನಂತೆ. ತರಬಹುದಾ ಅಂತ ಕೇಳು ಅಂದ್ರು.

ಕಾವ್ಯ, 5:23
ಬೇಡ ಅತ್ತೆ. 2ನೇ ನಂಬರ್ ದೊಡ್ಡ ಹೆಂಗಸರದು, ಸುತ್ತಳತೆ 54-56 ಸೆಂ.ಮೀ., ತೂಕ 325-375 ಗ್ರಾಂ. ಹನ್ನೊಂದು ವರ್ಷದ ಕೈಗೆ ಹಿಡಿತ ಸಿಗಲ್ಲ. ಅಂಗೈಲಿ ಇಟ್ಕೊಂಡು ದೂಡೋ ಅಭ್ಯಾಸ ಆಗುತ್ತೆ, ಆಮೇಲೆ ಬಿಡಿಸೋದು ಕಷ್ಟ. 1ನೇ ನಂಬರ್ ಬೇಕು, 50-52 ಸೆಂ.ಮೀ., 290-330 ಗ್ರಾಂ. ಐದು ಬೆರಳು ಅಗಲಿಸಿ ಮೇಲಿಂದ ಹಿಡಿದು ಎತ್ತಿದರೆ ಬೀಳಬಾರದು.

ಸುಬ್ಬಣ್ಣ ಮಾವ, 5:31
ಪಕ್ಕದ ಅಂಗಡಿಯಲ್ಲಿ ಇದೆಯಂತೆ. ಚೆಂಡಿನ ಮೇಲೆ ನಂಬರ್ ಎಲ್ಲಿ ಬರೆದಿರ್ತಾರೆ?

ಕಾವ್ಯ, 5:32
ಗಾಳಿ ತುಂಬೋ ತೂತಿನ ಹತ್ರ ನೋಡಿ ಮಾವ. ಇಲ್ಲದಿದ್ದರೆ ಟೇಪ್ ಕೇಳಿ, ಸುತ್ತ ಅಳೆದೇ ತಗೊಳ್ಳಿ.