ಪದಚರ್ಚೆ: ಖರ್ಚು ‘ಡಿಸ್‌ಅಲೋ’ ಆದರೆ ಕನ್ನಡದಲ್ಲಿ ಏನನ್ನಬೇಕು? (ನಾಳೆ ಅಚ್ಚಿಗೆ)

ಎಲ್ಲರಿಗೂ ನಮಸ್ಕಾರ.

ತೆರಿಗೆ ಲೆಕ್ಕದ ‘ಡಿಸ್‌ಅಲೋ’ಗೆ ಕನ್ನಡ ಪದ ಯಾವುದು ಅಂತ ನಿನ್ನೆ ಕೇಳಿದ್ದಕ್ಕೆ ಇಷ್ಟು ಜನ ಬರೆದಿದ್ದೀರಿ, ಸಂತೋಷ. ಆದರೆ ಪದ ಇನ್ನೂ ಸಿಕ್ಕಿಲ್ಲ. ನಾಳೆ ಬೆಳಿಗ್ಗೆ ಹತ್ತಕ್ಕೆ ಹಳೇ ಬಸ್ ಸ್ಟಾಂಡ್ ಹತ್ತಿರದ ಪ್ರೆಸ್‌ಗೆ ಕೊಡಬೇಕು. ಕೋಲಾರ, ಮುಳಬಾಗಿಲು, ಬಂಗಾರಪೇಟೆ ಕಡೆ ಷೇರು ದಲಾಲಿ ಮಾಡುವವರಿಗೆ ಹಂಚುವ ಎಂಟು ಪುಟದ ಕೈಪಿಡಿ ಅದು.

ವಿಷಯ ಇನ್ನೊಂದು ಸಲ ಹೇಳಿಬಿಡ್ತೀನಿ. ದಲಾಲಿಯವರು ಆಡಿಟರಿಗೆ, ಸಾಫ್ಟ್‌ವೇರ್ ನೋಡಿಕೊಳ್ಳುವವರಿಗೆ ಹಣ ಕೊಡುತ್ತಾರೆ. ಟಿಡಿಎಸ್ (ಹಣ ಕೊಡುವಾಗಲೇ ತೆರಿಗೆಯ ಪಾಲು ತೆಗೆದು ಸರ್ಕಾರಕ್ಕೆ ಕಟ್ಟೋದು) ಹಿಡಿಯಬೇಕಾದ ಕಡೆ ಹಿಡಿಯದೆ ಕೊಟ್ಟರೆ, ಆದಾಯ ತೆರಿಗೆ ಕಾಯ್ದೆ ಪ್ರಕಾರ ಆ ಖರ್ಚಿನಲ್ಲಿ 30% ಲೆಕ್ಕಕ್ಕೆ ತಗೊಳ್ಳಲ್ಲ. ಲಕ್ಷ ಕೊಟ್ಟಿದ್ದರೆ 30,000 ರೂಪಾಯಿ ಮತ್ತೆ ಲಾಭಕ್ಕೆ ಸೇರುತ್ತದೆ, ಅದರ ಮೇಲೂ ತೆರಿಗೆ. 2014ರ ತಿದ್ದುಪಡಿಗೆ ಮುಂಚೆ ಪೂರ್ತಿ ಲಕ್ಷವೂ ಸೇರುತ್ತಿತ್ತು. ನಮ್ಮ ಆಫೀಸಿನಲ್ಲಿ ಇದಕ್ಕೆ ‘ಡಿಸ್‌ಅಲೋ ಆಯ್ತು’ ಅಂತೀವಿ. ಓದುವವರಿಗೆ ಅದು ಅರ್ಥ ಆಗಲ್ಲ, ಅದಕ್ಕೇ ನಿಮ್ಮನ್ನು ಕೇಳಿದ್ದು.

ಮೊದಲು, ಟಿಡಿಎಸ್ ಹಿಡಿಯೋದಕ್ಕೆ ಬಳಸುವ ‘ಕಡಿತ’ದ ಮಾತು. ಬಜೆಟ್ ಮಾರನೇ ದಿನ ಪೇಪರಿನಲ್ಲಿ ‘ತೆರಿಗೆ ಕಡಿತ’ ಅಂದರೆ ತೆರಿಗೆ ಇಳಿಸಿದರು ಅಂತ. ವಿಮೆ, ಪಿಎಫ್ ಕಟ್ಟಿದವರು ಕೇಳುವ ‘ಕಡಿತ’ ಅಂದರೆ ಆದಾಯದಲ್ಲಿ ಕಳೆಯೋದು. ಟಿಡಿಎಸ್‌ಗೂ ‘ಮೂಲದಲ್ಲೇ ತೆರಿಗೆ ಕಡಿತ’. ಒಂದೇ ಪದದ ತಲೆ ಮೇಲೆ ಮೂರು ಮೂಟೆ. ನನ್ನ ಮೊದಲ ಕರಡಿನಲ್ಲಿ ‘ತೆರಿಗೆ ಕಡಿತ ಮಾಡದಿದ್ದರೆ ಖರ್ಚು ಒಪ್ಪುವುದಿಲ್ಲ’ ಅಂತ ಇತ್ತು. ನಮ್ಮ ಕಕ್ಷಿದಾರರೊಬ್ಬರು ಬೆರಳಿಟ್ಟು ಓದಿ, ‘ತೆರಿಗೆ ಕಡಿಮೆ ಮಾಡೋದು ಸರ್ಕಾರ ಅಲ್ವಾ, ಅದಕ್ಕೆ ನನ್ನ ಖರ್ಚು ಯಾಕೆ ಒಪ್ಪಲ್ಲ?’ ಅಂದರು. ಅವತ್ತೇ ಆ ಪದ ಹೊಡೆದು ಹಾಕಿದೆ.

ಮೇಷ್ಟ್ರೇ, ನೀವು ಕಡಿತಕ್ಕೂ ಕಡತಕ್ಕೂ ನಂಟು ತೋರಿಸಿದ್ದೀರಿ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲು ಬಳಿದು, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದ ಕಡತ, ಶೃಂಗೇರಿ ಮಠದ ಕಡತಗಳು, ಎಲ್ಲಾ ಆಸೆಯಿಂದ ಓದಿದೆ. ಆದರೆ ಪದದ ಹುಟ್ಟೂರು ಲೆಕ್ಕದ ಪುಸ್ತಕವೇ ಆಗಿದ್ದರೂ, ಇವತ್ತು ಅದು ಓದುವವನಿಗೆ ಏನು ಹೇಳುತ್ತೆ ಅನ್ನೋದೇ ನನಗೆ ಮುಖ್ಯ.

ಕೊಡುವ ದುಡ್ಡಿನಲ್ಲಿ ಒಂದಷ್ಟು ತೆಗೆದಿಟ್ಟುಕೊಳ್ಳುವ ಕೆಲಸಕ್ಕೆ ನಮ್ಮ ಕಡೆ ಮಾತು ಇದ್ದೇ ಇದೆ. ಟೊಮೆಟೊ ಮಂಡಿಗೆ ಹೋಗಿ ನಿಂತು ಕೇಳಿ. ರೈತನ ಕೈಗೆ ಪಟ್ಟಿ ಬರುತ್ತೆ: ಇಷ್ಟು ಬಾಕ್ಸು, ಇಷ್ಟು ರೇಟು, ಕೆಳಗೆ ಹಿಂದೆ ತಗೊಂಡ ಅಡ್ವಾನ್ಸು, ಕೊನೆಗೆ ಕೈಗೆ ಬರುವ ದುಡ್ಡು. ‘ಅಡ್ವಾನ್ಸ್ ಮುರ್ಕೊಂಡು ಕೊಟ್ರು’ ಅಂತಾನೆ. ಸಂಬಳದವರು ‘ಟ್ಯಾಕ್ಸ್ ಹಿಡ್ಕೊಂಡ್ರು’ ಅಂತಾರೆ. ಮುರಿಯೋದು ತನಗೆ ಬರಬೇಕಾದ ಬಾಕಿಗೆ. ಟಿಡಿಎಸ್ ಹಾಗಲ್ಲ, ಹಿಡಿದ ದುಡ್ಡು ಸರ್ಕಾರಕ್ಕೆ ಕಟ್ಟಬೇಕು. ಹಾಗಾಗಿ ‘ಹಿಡಿ’ ಸರಿ.

‘ಹಿಡ್ಕೊಂಡ್ರು ಅನ್ನೋದು ತೆಲುಗಿನ ಪಟ್ಟುಕುನ್ನಾರು ನೋಡಿ ಮಾಡಿದ್ದು, ಗಡಿ ಕನ್ನಡ’ ಅಂತ ಒಬ್ಬರು ಬರೆದಿದ್ದೀರಿ. ಒಪ್ಪಲ್ಲ. ಮಂಡ್ಯದವರೂ ಸಂಬಳದಲ್ಲಿ ಹಿಡ್ಕೊಂಡ್ರು ಅಂತಾರೆ. ಅಕ್ಕಪಕ್ಕದ ಎರಡು ಭಾಷೆಗೆ ಒಂದೇ ಯೋಚನೆ ಬಂದರೆ ಒಂದು ಇನ್ನೊಂದರ ನೆರಳು ಆಗಲೇಬೇಕು ಅಂತೇನಿಲ್ಲ.

ಇನ್ನು ‘ಖರ್ಚು ಪಾರಸಿ, ದಲಾಲಿ ಅರಬ್ಬಿ, ಎರಡನ್ನೂ ತೆಗೆಯಿರಿ’ ಅಂದವರಿಗೆ. ಖರ್ಚು ಬಿಟ್ಟು ವೆಚ್ಚ ಅಂದರೆ ಅದು ವ್ಯಯದ ತದ್ಭವ. ಸುಂಕವೂ ಹಾಗೇ, ಶುಲ್ಕದಿಂದ ಬಂದದ್ದು. ಜಮಾ, ಬಾಕಿ, ವಸೂಲಿ, ರಸೀದಿ ಇವನ್ನೂ ಕಳಿಸಿದರೆ ಕೋಲಾರದ ಯಾವ ಅಂಗಡಿಯ ಲೆಕ್ಕವೂ ಬರೆಯೋಕಾಗಲ್ಲ. ತೆರು ಇಂದ ಬಂದ ‘ತೆರಿಗೆ’ ನಮ್ಮದೇ, ಅದರ ಬಗ್ಗೆ ನನಗೂ ಹೆಮ್ಮೆ ಇದೆ. ಆದರೆ ನನ್ನ ಅಜ್ಜಿ ಖರ್ಚು ಅಂದೇ ಬದುಕಿದಳು. ಅವಳ ಕನ್ನಡವನ್ನು ಬೇರೆಯವರದ್ದು ಅನ್ನೋಕೆ ನಾನು ತಯಾರಿಲ್ಲ.

ಇನ್ನು ‘ಡಿಸ್‌ಅಲೋ’ಗೆ ನೀವು ಕೊಟ್ಟ ಪದಗಳು. ‘ವಜಾ’ ಬೇಡ. ಕೆಲಸದಿಂದ ವಜಾ, ಅರ್ಜಿ ವಜಾ ಅಂತ ಕೇಳಿ ಜನ ಗಾಬರಿ ಆಗ್ತಾರೆ. ‘ಅನನುಮೋದನೆ’ ಯಾರ ಬಾಯಲ್ಲೂ ಇಲ್ಲ.

‘ಅಮಾನ್ಯ’ದ ಜೊತೆ ಮಾತ್ರ ಜಾಸ್ತಿ ಹೊತ್ತು ಕೂತೆ. ನೋಟು ಅಮಾನ್ಯ ಆದರೆ ಮುಗಿಯಿತು, ವಾಪಸ್ ಬರಲ್ಲ. ಈ ಖರ್ಚು ಹಾಗಲ್ಲ. ಮುಂದಿನ ವರ್ಷ ತೆರಿಗೆ ಹಿಡಿದು ಕಟ್ಟಿದರೆ, ಆ ವರ್ಷದ ಖರ್ಚಾಗಿ ಒಪ್ಪುತ್ತಾರೆ. ಹಣ ಪಡೆದವರು ಅದನ್ನು ರಿಟರ್ನ್‌ನಲ್ಲಿ ತೋರಿಸಿ ತೆರಿಗೆ ಕಟ್ಟಿ, ಅದಕ್ಕೆ ಸಿಎ ಸರ್ಟಿಫಿಕೇಟ್ ಇದ್ದರೂ ದಲಾಲಿಯವರು ಬಚಾವ್. ‘ತಡೆಹಿಡಿದ ಖರ್ಚು’ ಅನ್ನೋಣ ಅಂದರೆ ಮತ್ತೆ ‘ಹಿಡಿ’ ಬಂದು ತೆರಿಗೆಯ ಜೊತೆ ಗೊಂದಲ. ರಾತ್ರಿ ಹನ್ನೊಂದಕ್ಕೆ ಚಿಂತಾಮಣಿಯ ಅಕ್ಕ ‘ಒಪ್ಪದ ಖರ್ಚು’ ಅಂತ ಬರೆದರು. ಅದಕ್ಕೆ ನಾನು ಎರಡು ಪದ ಸೇರಿಸಿದ್ದೀನಿ: ‘ಈ ವರ್ಷಕ್ಕೆ ಒಪ್ಪದ ಖರ್ಚು’. ಬೇಡ ಅನ್ನುವವರು ಇವತ್ತೇ ಹೇಳಿ.

ಇನ್ನೊಂದು ಪದ ಬಾಕಿ ಇದೆ. ಷೇರುಪೇಟೆಗೆ ದಲಾಲಿಯವರು ಕಟ್ಟುವ ವಹಿವಾಟು ಶುಲ್ಕಕ್ಕೆ 194ಜೆ (ತಾಂತ್ರಿಕ ಸೇವೆಗೆ ಕೊಡುವ ಹಣದ ಟಿಡಿಎಸ್ ಕಲಂ) ಪ್ರಕಾರ ಟಿಡಿಎಸ್ ಹಿಡಿಯಬೇಕಾ ಅಂತ ಕೋಟಕ್ ಸೆಕ್ಯುರಿಟೀಸ್ ಅನ್ನುವ ದಲಾಲಿ ಕಂಪನಿಯ ಕೇಸು ನಡೆದಿತ್ತಲ್ಲ. ಅದು ತಾಂತ್ರಿಕ ಸೇವೆ ಅಂತ 2011ರಲ್ಲಿ ಬಾಂಬೆ ಹೈಕೋರ್ಟ್ ಹೇಳಿತ್ತು. 2016ರ ಮಾರ್ಚ್ 29ರಂದು ಸುಪ್ರೀಂ ಕೋರ್ಟ್ ಅಲ್ಲ ಅಂದಿತು: ಎಲ್ಲ ಸದಸ್ಯರಿಗೂ ಒಂದೇ ಥರ ಸಿಗುವ ಏರ್ಪಾಡು ಅದು, ಒಬ್ಬರಿಗೋಸ್ಕರ ಮಾಡಿಕೊಟ್ಟ ಸೇವೆ ಅಲ್ಲ. ಇಡೀ ಕೇಸು ಒಂದು ಪದದ ಅರ್ಥದ ಮೇಲೆ ನಿಂತಿತ್ತು. ನಮ್ಮ ಓದುಗರು ಎರಡಕ್ಕೂ ‘ಸರ್ವಿಸ್’ ಅಂತಾರೆ. ಸೇವೆಗೆ ಎದುರಾಗಿ ‘ಸೌಲಭ್ಯ’ ಹಾಕಿದ್ದೀನಿ. ಆದರೆ ಸರ್ಕಾರ ಪುಕ್ಕಟೆ ಕೊಡೋದು ಅನ್ನುವ ವಾಸನೆ ಅದಕ್ಕೆ ಅಂಟಿಕೊಂಡಿದೆ, ಇಲ್ಲಿ ದುಡ್ಡು ಕಟ್ಟಬೇಕು. ‘ಏರ್ಪಾಡು’ ನಡೆಯುತ್ತಾ? ಅದಕ್ಕಿಂತ ಒಳ್ಳೇದು ಇದ್ದರೆ ರಾತ್ರಿ ಒಂಬತ್ತರೊಳಗೆ ತಿಳಿಸಿ.