ಬ್ಯಾಟರಿ ಕಣ್ಣು ಹಸಿರಿದೆ ಅಂತ ವಾರಂಟಿ ಕೊಡ್ತಿಲ್ಲ, ಏನ್ ಮಾಡ್ಲಿ?

ಹಾಸನದ ಹುಡುಗ:
ನಮಸ್ಕಾರ ಎಲ್ರಿಗೂ. ನಮ್ದು ಪೆಟ್ರೋಲ್ ಗಾಡಿ, 35 ಎಎಚ್ ಬ್ಯಾಟರಿ ಹಾಕ್ಸಿ 28 ತಿಂಗ್ಳಾಯ್ತು. ಕಾರ್ಡಲ್ಲಿ ವಾರಂಟಿ 55 ತಿಂಗ್ಳು ಅಂತಿದೆ, ಮೊದಲ 30 ಫ್ರೀ ರಿಪ್ಲೇಸ್‌ಮೆಂಟ್, ಉಳಿದ 25 ಪ್ರೊ-ರೇಟಾ, ಅಂದ್ರೆ ಸ್ವಲ್ಪ ದುಡ್ಡು ನಾವೂ ಹಾಕ್ಬೇಕು. ಹದಿನೈದು ದಿನದಿಂದ ಬೆಳಗ್ಗೆ ಕೀ ತಿರುಗಿಸಿದ್ರೆ ಟಕ್ ಟಕ್ ಅನ್ನುತ್ತೆ ಅಷ್ಟೇ, ಮೀಟರ್ ಲೈಟೆಲ್ಲ ಮಂಕಾಗುತ್ತೆ. ಮೊನ್ನೆ ಅಮ್ಮನ್ನ ಡಯಾಲಿಸಿಸ್‌ಗೆ ಕರ್ಕೊಂಡ್ ಹೋಗ್ಬೇಕಿತ್ತು, ಐದೂವರೆಗೆ ಪಕ್ಕದ್ಮನೆಯವ್ರನ್ನ ಎಬ್ಬಿಸಿ ಜಂಪ್ ಸ್ಟಾರ್ಟ್ ಮಾಡ್ಕೊಂಡು ಹೋದ್ವಿ, ಆ ಟೆನ್ಶನ್ ಇನ್ನೊಂದ್ಸಲ ಬೇಡ. ಡೀಲರ್ ಒಂದಿನ ಚಾರ್ಜಿಗೆ ಹಾಕಿ, ಬ್ಯಾಟರಿ ಮೇಲೆ ಚಾರ್ಜ್ ತೋರ್ಸೋ ಚಿಕ್ಕ ಗಾಜಿನ ಕಣ್ಣು ಹಸಿರಿದೆ ಬ್ಯಾಟರಿ ಓಕೆ, ನೀವು ಗಾಡಿ ಸರಿಯಾಗಿ ಓಡ್ಸಲ್ಲ ಅದ್ಕೇ ಹಿಂಗೆ ಅಂತ ವಾಪಸ್ ಕೊಟ್ರು. ನಾಕೇ ದಿನಕ್ಕೆ ಮತ್ತೆ ಅದೇ ಕತೆ.

ಹುಬ್ಬಳ್ಳಿ ಬ್ಯಾಟರಿ ಮಂದಿ:
ಅಣ್ಣಾರ, ಆ ಹಸರ ಕಣ್ಣ ನಂಬಬ್ಯಾಡ್ರಿ. ನಾ ಬ್ಯಾಟರಿ ಅಂಗಡ್ಯಾಗs ಕೆಲಸ ಮಾಡಾಂವ. ಒಳಗ ಆರು ಸೆಲ್ ಇರ್ತಾವ, ಕಣ್ಣು ಕುಂತಿರೂದು ಒಂದ ಸೆಲ್ ಮ್ಯಾಲ, ಅದರ ಆಸಿಡ್ ಗಟ್ಟಿ ಇದ್ರ ಹಸರ ಗುಂಡು ತೇಲಿ ಕಾಣಿಸ್ತದ. ಉಳಿದ ಐದ್ರಾಗ ಒಂದು ಸತ್ತಿದ್ರೂ ಅದಕ್ಕ ಗೊತ್ತಾಗಂಗಿಲ್ಲ. ಒಂದ ಮಲ್ಟಿಮೀಟರ್ ತಗೊಂಡು, ರಾತ್ರಿಪೂರ್ತಿ ನಿಂತ ಗಾಡಿಗೆ ಮುಂಜಾನೆ ಕೀ ಹಾಕೂಕಿಂತ ಮೊದ್ಲ ನೋಡ್ರಿ. 12.6 ವೋಲ್ಟ್ ಬಂದ್ರ ಫುಲ್, 12.2 ಅಂದ್ರ ಅರ್ಧ, ಫುಲ್ ಚಾರ್ಜ್ ಮಾಡಿದ್ರೂ 10.5 ಕಡೆ ನಿಂತ್ರ ಒಂದ್ ಸೆಲ್ ಹೋಗೇದ ಅಂತ ತಿಳೀರಿ. ಆಮ್ಯಾಲ ಒಬ್ರು ಸೆಲ್ಫ್ ಹೊಡೀಲಿ, ನೀವು ಮೀಟರ್ ನೋಡ್ರಿ, 9.6ಕ್ಕಿಂತ ಕೆಳಗ ಬಿತ್ತಂದ್ರ ಬ್ಯಾಟರ್ಯಾಗ ದಮ್ ಇಲ್ಲ. ಅದಕ್ಕೂ ಮೊದ್ಲ ಟರ್ಮಿನಲ್ ಮ್ಯಾಲಿನ ಬಿಳೀ ಪುಡಿ ಬಿಸಿನೀರಿಂದ ತೊಳದು ಬಿಗಿ ಮಾಡ್ರಿ, ಸಡ್ಲ ಇದ್ರೂ ಹಿಂಗs ಟಕ್ ಟಕ್ ಅಂತದ. ಸೀಲ್ ಮುಚ್ಚಳ ಮಾತ್ರ ಎಬ್ಬಿಸಬ್ಯಾಡ್ರಿ, ಕ್ಲೇಮ್ ರಿಜೆಕ್ಟ್ ಮಾಡ್ತಾರ.

ಮೈಸೂರು ರೈಡರ್:
ಇಂಜಿನ್ ಓಡ್ತಿರುವಾಗ್ಲೂ ವೋಲ್ಟೇಜ್ ನೋಡಿ, 13.8ರಿಂದ 14.5 ಒಳಗಿದ್ರೆ ಆಲ್ಟರ್ನೇಟರ್ (ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡೋದು) ಸರಿಯಿದೆ. ಡ್ಯಾಶ್‌ಕ್ಯಾಮ್ ಏನಾದ್ರೂ ನೇರ ಬ್ಯಾಟರಿಗೆ ಕೊಟ್ಟಿದೀರಾ? ಗಾಡಿ ಲಾಕ್ ಮಾಡಿ ಅರ್ಧ ಗಂಟೆ ಬಿಟ್ಟು ನೆಗೆಟಿವ್ ವೈರಿಗೆ ಮೀಟರ್ ಸೀರೀಸಲ್ಲಿ (ವೈರಿಗೂ ಟರ್ಮಿನಲ್‌ಗೂ ನಡುವೆ) ಹಾಕಿ, 50 ಮಿಲಿಆಂಪ್‌ಗಿಂತ ಜಾಸ್ತಿ ಎಳೀತಿದ್ರೆ ತಪ್ಪು ಬ್ಯಾಟರಿದಲ್ಲ. ಮೀಟರ್ ಹಂಗೇ ಇಟ್ಕೊಂಡು ಸೆಲ್ಫ್ ಹೊಡೀಬೇಡಿ ಮತ್ತೆ, ಮೀಟರ್ ಫ್ಯೂಸ್ ಹೋಗುತ್ತೆ.

ಹಾಸನದ ಹುಡುಗ:
ಟರ್ಮಿನಲ್ ಕ್ಲೀನ್ ಮಾಡಿ, ಬಿಗಿ ಮಾಡಿ, ಇವತ್ತು ಬೆಳಗ್ಗೆ ನೋಡ್ದೆ. ನಿಂತಾಗ 12.45, ಸೆಲ್ಫ್ ಹೊಡೆದಾಗ 8.3ಕ್ಕೆ ಬಿತ್ತು, ಓಡುವಾಗ 14.2. ಡ್ಯಾಶ್‌ಕ್ಯಾಮ್ ಇಲ್ಲ, ಡ್ರೇನ್ 30 ಮಿಲಿಆಂಪ್.

ಗ್ರಾಹಕ ಗೆಳೆಯ:
ಹಂಗಾದ್ರೆ ಬ್ಯಾಟರಿನೇ ವೀಕು, ತಡ ಮಾಡ್ಬೇಡಿ. 30 ತಿಂಗ್ಳು ದಾಟಿದ್ರೆ ಕೈಯಿಂದ ದುಡ್ಡು ಹಾಕ್ಬೇಕಾಗುತ್ತೆ, ಅದ್ಕೇ ಡೀಲರ್ ಬಾಯಿಮಾತು ಬಿಟ್ಟು ಇವತ್ತೇ ಕಂಪನಿ ಟೋಲ್ ಫ್ರೀಗೆ ಫೋನ್ ಮಾಡಿ ಕಂಪ್ಲೇಂಟ್ ನಂಬರ್ ತಗೊಳ್ಳಿ. ಬಿಲ್, ವಾರಂಟಿ ಕಾರ್ಡ್, ಬ್ಯಾಟರಿ ಮೇಲಿನ ಸೀರಿಯಲ್ ನಂಬರ್ ಮೂರೂ ಮ್ಯಾಚ್ ಆಗ್ಬೇಕು, ಫೋಟೋ ತೆಗೆದಿಟ್ಕೊಳ್ಳಿ. ಫುಲ್ ಚಾರ್ಜ್ ಆದ್ಮೇಲೆ ಟೆಸ್ಟರಲ್ಲಿ ಹಾಕಿ ಪ್ರಿಂಟ್ ಸ್ಲಿಪ್ ಕೊಡಿ ಅಂತ ಕೇಳಿ, ಸ್ಟಿಕ್ಕರ್ ಮೇಲಿರೋ ಸಿಸಿಎ (ಚಳಿಯಲ್ಲೂ ಗಾಡಿ ಸ್ಟಾರ್ಟ್ ಮಾಡೋಕೆ ಬ್ಯಾಟರಿ ಕೊಡೋ ಕರೆಂಟ್) ನಂಬರನ್ನೇ ಟೆಸ್ಟರಿಗೆ ಹಾಕ್ತಾರಾ ಪಕ್ಕದಲ್ಲೇ ನಿಂತು ನೋಡಿ, ಕಮ್ಮಿ ನಂಬರ್ ಹಾಕಿದ್ರೆ ಸಾಯ್ತಿರೋ ಬ್ಯಾಟರಿನೂ ಗುಡ್ ಅಂತ್ಲೇ ತೋರ್ಸುತ್ತೆ. ಚಾರ್ಜಿಗೆ ಇಟ್ಕೊಳ್ಳೋ ಅಷ್ಟು ದಿನ ಸರ್ವಿಸ್ ಬ್ಯಾಟರಿ ಕೇಳಿ, ಅಮ್ಮನ ವಿಷ್ಯ ಹೇಳಿ. ಆಗ್ಲೂ ಆಗಲ್ಲ ಅಂದ್ರೆ ಕಾರಣ ಬರೆದು ಕೊಡಿ ಅನ್ನಿ, ಆ ಚೀಟಿ ಇಟ್ಕೊಂಡು 1915 ಗ್ರಾಹಕ ಸಹಾಯವಾಣಿಗೆ ಕಂಪ್ಲೇಂಟ್ ಮಾಡಿ. ಅಲ್ಲಿಂದ ಮುಂದೆ ಜಿಲ್ಲಾ ಗ್ರಾಹಕರ ಆಯೋಗ ಇದೆ, 5 ಲಕ್ಷದೊಳಗಿನ ಕೇಸಿಗೆ ಫೀಸೂ ಇಲ್ಲ.

ಹಾಸನದ ಹುಡುಗ:
ಒಂದು ವಾರ ಆಯ್ತು, ಅಪ್‌ಡೇಟ್ ಹೇಳ್ತೀನಿ. ಕಂಪ್ಲೇಂಟ್ ನಂಬರ್ ತೋರಿಸಿದ್ಮೇಲೆ ಟೆಸ್ಟರ್ ಹೊರಗೆ ಬಂತು, ಮೊದಲ ಸಲ ಅದನ್ನ ಹಾಕೇ ಇರ್ಲಿಲ್ಲ. ಸ್ಟಿಕ್ಕರ್ ಮೇಲೆ ಸಿಸಿಎ 300, ಸ್ಲಿಪ್ಪಲ್ಲಿ ಬಂದಿದ್ದು 142. ನಿನ್ನೆ ಹೊಸ ಬ್ಯಾಟರಿ ಕೊಟ್ರು, ದುಡ್ಡು ಕೇಳ್ಲಿಲ್ಲ. ವಾರಂಟಿ ಮಾತ್ರ ಹಳೇ ಬಿಲ್ ತಾರೀಖಿಂದ್ಲೇ ಲೆಕ್ಕವಂತೆ, ಅದ್ಕೇ ಹಳೇ ಕಾರ್ಡ್ ಮೇಲೇ ಹೊಸ ಸೀರಿಯಲ್ ನಂಬರ್ ಬರೆಸಿ ಸೀಲ್ ಹಾಕಿಸ್ಕೊಂಡೆ. ಹುಬ್ಬಳ್ಳಿ ಅಣ್ಣನಿಗೂ ಉಳಿದೋರ್ಗೂ ತುಂಬಾ ಥ್ಯಾಂಕ್ಸ್, ಇವತ್ತು ಬೆಳಗ್ಗೆ ಅಮ್ಮನ್ನ ಕರ್ಕೊಂಡು ಹೊರಟಾಗ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಯ್ತು.