ಬರೀ ತಗಡನ್ನು ಯಾರು ಕೊಳ್ಳುತ್ತಾರೆ ಮಾರಾಯ?

ನೀನು ಉಳಿಯಿಂದ ಬಳ್ಳಿ, ಅಕ್ಷರ ಕೆತ್ತಿ ಮನೆಯವರ ಗುಂಪಿನಲ್ಲಿ ಹಾಕಿದ ತಾಮ್ರದ ತಗಡಿನ ಚಿತ್ರಗಳನ್ನು ನೋಡಿದೆ. “ಅತ್ತೆ, ಇವು ನಿಮ್ಮ ಅಂಗಡಿಯಲ್ಲಿ ಮಾರಾಟವಾಗುತ್ತವೆಯೇ?” ಎಂದು ಕೇಳಿದ್ದೀಯಲ್ಲ, ಆಗುವುದಿಲ್ಲ. ಬೇಸರ ಮಾಡಿಕೊಳ್ಳಬೇಡ, ಪೂರ್ತಿ ಕೇಳು. ಇಷ್ಟನ್ನು ಬರೆಯುತ್ತಾ ಕೂರಲು ನನ್ನಿಂದಾಗದು, ಅದಕ್ಕೇ ಬಾಯಲ್ಲೇ ಹೇಳುತ್ತಿದ್ದೇನೆ.

ಕೈ ಕುದುರಿದೆ. ಬಳ್ಳಿಯ ಗೆರೆ ಸಣ್ಣದಾಗಿ ಶುರುವಾಗಿ, ನಡುವೆ ತುಂಬಿಕೊಂಡು, ತುದಿಯಲ್ಲಿ ಕೂದಲೆಳೆಯಷ್ಟಾಗುತ್ತದೆ. ಲೇಸರ್ ಯಂತ್ರದ ಗೆರೆಗೆ ಆ ಜೀವ ಇರುವುದಿಲ್ಲ. ಆದರೆ ಉಡುಪಿಯ ರಥಬೀದಿಗೆ ಬರುವವರು ಬಳ್ಳಿ ಹುಡುಕಿಕೊಂಡು ಬರುವುದಿಲ್ಲವಲ್ಲ. ಗೃಹಪ್ರವೇಶಕ್ಕೆ ಹರಿವಾಣ, ನಾಮಕರಣಕ್ಕೆ ಬೆಳ್ಳಿ ಬಟ್ಟಲು, ಮದುವೆಗೆ ಕುಂಕುಮದ ಭರಣಿ, ಹೀಗೆ ಏನು ಕೊಡಬೇಕೆಂದು ಮನೆಯಲ್ಲೇ ತೀರ್ಮಾನಿಸಿ ಬಂದಿರುತ್ತಾರೆ. ಅದರ ಮೇಲೆ ಹೆಸರೂ ತಾರೀಕೂ ಚೆಂದವಾಗಿ ಬರುತ್ತದೆ ಎಂದರೆ ಇನ್ನಷ್ಟು ಹಣ ಬಿಚ್ಚುತ್ತಾರೆ. ನಿನಗೆ ಜಾಗ ಇರುವುದು ಅಲ್ಲಿ.

ಹಾಗಾಗಿ ಮೊದಲು ಅಕ್ಷರ. ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ: ‘ಶ್ರೀ’ಯ ಒತ್ತಿನ ಬಳಿ ಉಳಿ ಜಾರಿ ಒಂದು ಗೀರು ಬಿದ್ದಿದೆ. ನಮ್ಮ ಲಿಪಿ ಪೂರ್ತಿ ಸುರುಳಿ. ತಿರುವಿನಲ್ಲಿ ಕೈ ತಿರುಗಿಸಿದರೆ ಹೀಗೇ ಆಗುವುದು. ಉಳಿ ಹಿಡಿದ ಕೈ ಇದ್ದಲ್ಲೇ ಇರಲಿ, ಮರಳು ಚೀಲದ ಮೇಲೆ ತಗಡು ತಿರುಗಲಿ. ಕೆತ್ತಿದ ಮೇಲೆ ಸ್ವಲ್ಪ ಹತ್ತಿಯನ್ನು ಎಳೆದು ನೋಡು. ಎಳೆ ಸಿಕ್ಕಿಕೊಂಡರೆ ಅಂಚಿನಲ್ಲಿ ಮುಳ್ಳು ಉಳಿದಿದೆ ಎಂದರ್ಥ; ನಾಳೆ ಗಿರಾಕಿಯ ಬೆರಳಿಗೂ ಅದು ಸಿಕ್ಕುತ್ತದೆ.

ಸ್ಟೀಲ್ ಪಾತ್ರೆಗೆ ಹೆಸರು ಹಾಕುವ ಗೋಜಿಗೆ ಹೋಗಬೇಡ. ಉಳಿ ಉಜ್ಜಿದಷ್ಟೂ ಗಟ್ಟಿಯಾಗುವ ಲೋಹ ಅದು, ಲೇಸರಿನವರು ನೋಡಿಕೊಳ್ಳಲಿ. ಬೆಳ್ಳಿ ಲೇಪನದ ವಸ್ತುವನ್ನಂತೂ ಮುಟ್ಟಲೇಬೇಡ, ಒಂದು ಗೆರೆ ಎಳೆದರೆ ಒಳಗಿನ ಲೋಹ ಹಲ್ಲು ಕಿರಿಯುತ್ತದೆ. ಹಿತ್ತಾಳೆಗೆ ತೆಳು ಗೆರೆ ಬೇಡ. ನಮ್ಮ ಮನೆಗಳಲ್ಲಿ ಹುಣಸೆಹುಳಿ ಹಚ್ಚಿ ಹರಿವಾಣ ತಿಕ್ಕುವ ರಭಸ ನಿನಗೆ ಗೊತ್ತೇ ಇದೆ. ಹಳೆಯ ಹಂಡೆಗಳ ಮೇಲೆ ಚುಕ್ಕಿ ಹೊಡೆದು ಬರೆದ ಅಜ್ಜಂದಿರ ಹೆಸರು ಇಂದಿಗೂ ಓದಲು ಬರುವುದು ಆಳಕ್ಕೆ ಹೊಡೆದದ್ದರಿಂದ. ಗೇಟಿನ ಹೆಸರು ಫಲಕಕ್ಕಾದರೆ ಲ್ಯಾಕರ್ ಎಂಬ ಪಾರದರ್ಶಕ ಲೇಪ ಬಳಿ, ಕಡಲ ಗಾಳಿಗೆ ಹಿತ್ತಾಳೆ ಬೇಗ ಕಪ್ಪಾಗುತ್ತದೆ.

ಅಲಂಕಾರಕ್ಕೆ ವಿಲಾಯತಿ ಬಳ್ಳಿಯೇ ಏಕೆ ಬೇಕು? 8ನೆಯ ಶತಮಾನದ ಬೆಳ್ಮಣ್ಣಿನ ತಾಮ್ರಶಾಸನದಲ್ಲಿ, ಈ ಕರಾವಳಿಯನ್ನು ಆಳಿದ ಆಳುಪ ಅರಸರ ಜೋಡಿ ಮೀನಿನ ಲಾಂಛನವಿದೆ. ನಮ್ಮ ಜಿಲ್ಲೆಯದೇ, ತಾಮ್ರದ ಮೇಲಿನದೇ. ಫಲಕದ ಮೂಲೆಗೆ ಅದನ್ನು ಹಾಕು. ಮೀನಿನ ಹುರುಪೆ ಕೆತ್ತಲು ನಿನ್ನ ಕೈ ಹೇಳಿ ಮಾಡಿಸಿದ ಹಾಗಿದೆ. ಮೀನು ತಿನ್ನದವರ ಗೇಟಿಗೆ ಮಾತ್ರ ಕೇಳಿ ಹಾಕು.

ಗಿರಾಕಿಯ ಬೆಳ್ಳಿ ಕೈಗೆ ಬಂದರೆ ಅವರೆದುರೇ ತೂಗಿ ಚೀಟಿ ಬರೆದುಕೊಡು. ಕೆತ್ತುವಾಗ ಲೋಹ ಚೂರಾಗಿ ಹೋಗಿಯೇ ಹೋಗುತ್ತದೆ. ಆ ಚೂರನ್ನೂ ಪೊಟ್ಟಣ ಕಟ್ಟಿ ಹಿಂದಿರುಗಿಸು. ಬೆಳ್ಳಿಯ ವಿಷಯದಲ್ಲಿ ಒಮ್ಮೆ ಅನುಮಾನ ಹುಟ್ಟಿದರೆ ಇಡೀ ಬೀದಿಗೆ ಸುದ್ದಿ. ಇನ್ನು ಅಕ್ಷರಕ್ಕಿಷ್ಟು ಎಂದು ದರ ಹೇಳಬೇಡ. ‘ಆದಿ’ಯೂ ಎರಡಕ್ಷರ, ‘ಕೃಷ್ಣ’ನೂ ಎರಡಕ್ಷರ, ಶ್ರಮ ಒಂದೇಯೇ? ಗಡಿಯಾರ ನೋಡಿ ಲೆಕ್ಕ ಹಾಕು, ಉಳಿ ಮಸೆದ ಹೊತ್ತನ್ನೂ ಸೇರಿಸು, ಕೆಲಸ ಶುರು ಮಾಡುವ ಮೊದಲೇ ಒಟ್ಟು ಹಣ ಹೇಳಿಬಿಡು.

ಸದ್ಯಕ್ಕೆ ನಾನೇ ಎರಡು ಹಿತ್ತಾಳೆ ಭರಣಿ ಕೊಡುತ್ತೇನೆ, ಒಂದು ಹಾಳಾದರೂ ಚಿಂತೆಯಿಲ್ಲ. ಕೆತ್ತಿ ತಂದರೆ ಮುಂದಿನ ಕಪಾಟಿನಲ್ಲೇ ಇಟ್ಟು ಆರ್ಡರ್ ಹಿಡಿಯುತ್ತೇನೆ. ಅಂಗಡಿಯ ಪಾಲು ಎಷ್ಟೆಂದು ಎದುರು ಕುಳಿತು ಮಾತನಾಡೋಣ. ಗುಂಪಿನಲ್ಲಿ ಬೇಡ, ನಿನ್ನ ಮಾವ ಇದನ್ನೆಲ್ಲ ಕೇಳಿಸಿಕೊಳ್ಳುತ್ತಾರೆ.